ಬುತ್ತಿ ಕಾದವನ ಬ್ಯಾಂಕಾಕ್

ಆ ದಿನದ ಫಜೀತಿಗೆಲ್ಲ ಮೂಲ, ಇಲ್ಲದ ಒಂದು ಛಾವಣಿ.

ಬ್ಯಾಂಕ್ ಹಾಲಿಡೇ ಎಂಬ ಸಾರ್ವತ್ರಿಕ ರಜೆಯ ಸೋಮವಾರ. ಶೆಫೀಲ್ಡಿನ ಬ್ರೂಮ್‌ಹಿಲ್‌ನಿಂದ ನಾಲ್ಕಾರು ಕನ್ನಡ ಸಂಸಾರಗಳನ್ನು ತುಂಬಿಕೊಂಡ ಮಿನಿಬಸ್ಸು ಲೀಡ್ಸ್ ಕಡೆಯ, ಕ್ರೈಸ್ತ ಸನ್ಯಾಸಿಗಳ ಹಾಳುಮಠವೊಂದನ್ನು ನೋಡಲು ಹೊರಟಿತ್ತು. ಹಿಂದಿನ ಸೀಟಿನ ತುಂಬ ಬುತ್ತಿ: ಚಪಾತಿ, ಪುಳಿಯೋಗರೆ, ಮೊಸರನ್ನ, ಶೇಂಗಾ ಚಟ್ನಿ, ಹೋಳಿಗೆ. ನಮ್ಮವರು ಸ್ವರ್ಗಕ್ಕೆ ಹೊರಟರೂ ಮೊಸರನ್ನದ ಡಬ್ಬಿ ಬಿಟ್ಟು ಹೋಗುವವರಲ್ಲ. ಅಲ್ಲಿಯ ಅಮೃತ ಹೊಟ್ಟೆಗೆ ಆಗಿಬರುತ್ತದೋ ಇಲ್ಲವೋ ಯಾರಿಗೆ ಗೊತ್ತು?

"ವಿರೂಪಾಕ್ಷ ಅವ್ರೇ," ಮುಂದಿನ ಸೀಟಿನಿಂದ ಡಾಕ್ಟರ್ ಪ್ರಭಾವತಿ ತಿರುಗಿದರು. "ಈ ಸಲ ಊರಿಗೆ ಹೋಗ್ತಾ ಬ್ಯಾಂಕಾಕಲ್ಲಿ ಇಳ್ಕೊತಿದೀವಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರೋ ಹಾಗೆ ಸುತ್ತಮುತ್ತ ಏನೇನು ನೋಡ್ಬೇಕು? ನೀವಂತೂ ಅದನ್ನ ಅರೆದು ಕುಡಿದೋರು."

ಎಂಜಿನಿಯರ್ ವಿರೂಪಾಕ್ಷ ಮದುವೆಗೆ ಮುಂಚೆ ಬ್ಯಾಂಕಾಕಿನಲ್ಲಿದ್ದವನು. ಪ್ರತಿ ಭಾನುವಾರ ಮೇಲಧಿಕಾರಿ ಈಶ್ವರಪ್ಪನವರ ಬಳಗದ ಜೊತೆ ಊರಾಚೆ ಹೋಗಿಬರುತ್ತಿದ್ದ. ಹೋದದ್ದು ಸುಳ್ಳಲ್ಲ, ನೋಡಿದ್ದು ಮಾತ್ರ ಸುಳ್ಳು. ಬಳಗದಲ್ಲಿ ಅವನೊಬ್ಬನೇ ಬ್ರಹ್ಮಚಾರಿ, ಎಲ್ಲರಿಗಿಂತ ಚಿಕ್ಕವನು. "ತಮ್ಮಾ, ಸ್ವಲ್ಪ ನೋಡ್ಕೋಪಾ" ಎಂದು ಬುತ್ತಿಗಂಟು, ಚಪ್ಪಲಿಗಳ ರಾಶಿಯನ್ನು ಅವನ ಮುಂದಿಟ್ಟು ಎಲ್ಲರೂ ಒಳಗೆ ಹೋಗುತ್ತಿದ್ದರು. ಅವನು ಕಂಡ ಬ್ಯಾಂಕಾಕೆಂದರೆ ಬೇರೆ ಬೇರೆ ಊರಿನ ಮರದ ನೆರಳುಗಳು.

ಹೀಗಿದ್ದವನು ಗದಗಿನಲ್ಲಿ ಕನ್ಯಾ ನೋಡಲು ಹೋದಾಗ, ತಲೆತಗ್ಗಿಸಿ ಕೂತಿದ್ದ ನಿವೇದಿತಾ ಕೇಳಿದ್ದು ಒಂದೇ ಮಾತು: "ಏನೇನು ನೋಡೀರಿ ಅಲ್ಲೆ?" ವಿರೂಪಾಕ್ಷ, ಬ್ಯಾಂಕಾಕಿನ ಹತ್ತಿರದ ಹಳೇ ರಾಜಧಾನಿ ಅಯುತ್ತಯಾದ ಹಾಳುಗುಡಿಗೆ ಬಂಗಾರದ ಛಾವಣಿ ಹೊದಿಸಿಬಿಟ್ಟ. ಅಜ್ಜಿಯ ತೊಡೆಯ ಮೇಲೆ ಕತೆ ಕೇಳುವ ಕೂಸಿನಂತೆ ಆ ಕಣ್ಣುಗಳು ಅರಳಿದವು. ಅವು ಮುದುಡಬಾರದೆಂದು ಅಂದಿನಿಂದ ಇಂದಿನವರೆಗೂ ಅವನು ಛಾವಣಿಗೆ ಪಾಲಿಶ್ ಹಾಕುತ್ತಲೇ ಬಂದಿದ್ದ.

"ಅಯುತ್ತಯಾಕ್ಕೆ ಹೋಗಿಬನ್ನಿ, ಸಾಕು," ಎಂದು ಅವನು ಮಾತು ಮುಗಿಸಲು ನೋಡಿದ.

"ಅಯ್ಯ, ಆ ಛಾವಣೀದು ಹೇಳ್ರಲ್ಲ!" ಎಂದಳು ಪಕ್ಕದಲ್ಲಿದ್ದ ನಿವೇದಿತಾ.

ಹೇಳಲೇಬೇಕಾಯಿತು. ಛಾವಣಿಯ ತುಂಬ ಬಂಗಾರದ ಆನೆಗಳು. ಪ್ರಭಾವತಿ "ಹೌದಾ!" ಎಂದಾಗ ಆನೆಗಳಿಗೆ ಅಂಬಾರಿ ಬಂತು. ಅಂಬಾರಿಯಲ್ಲಿ ರಾಜ ಕೂರಬೇಕು ಎನ್ನುವಷ್ಟರಲ್ಲಿ, ಹಿಂದೆ ಚಕ್ಕುಲಿ ಕಡಿಯುತ್ತಿದ್ದ ಸದ್ದು ನಿಂತಿತು. ಅದು ಹಡರ್ಸ್‌ಫೀಲ್ಡಿನ ಉಮಾಶಂಕರ, ಹೋದ ತಿಂಗಳಷ್ಟೇ ಬ್ಯಾಂಕಾಕ್ ಸುತ್ತಿ ಬಂದವನು.

"ಬೇರಿನ ಮಧ್ಯ ಬುದ್ಧನ ತಲೆ ಇದೆಯಲ್ಲ, ಆ ಗುಡೀನಾ ಸಾರ್?"

"ಅದೇ, ಅದೇ."

"ನಾನೂ ಮೇಲೆ ನೋಡ್ದೆ ಸಾರ್. ಆಕಾಶ ಇತ್ತು."

ಅವನ ಹೊಸ ಡಿಜಿಟಲ್ ಕ್ಯಾಮೆರಾ ಸೀಟಿನಿಂದ ಸೀಟಿಗೆ ಮಂಗಳಾರತಿಯ ತಟ್ಟೆಯಂತೆ ಸಾಗಿತು. ಮುರುಕು ಗೋಡೆ, ಮೇಲೆ ನೀಲಿ ಬಾನು.

"ಮಳೆಗಾಲ ಮುಗಿದ್ಮೇಲೆ ಛಾವಣಿ ಮಡಚಿಡ್ತಾರೇನೋ," ಎಂದರು ಪ್ರಭಾವತಿ. ಬಸ್ಸು ನಕ್ಕ ರಭಸಕ್ಕೆ ಡ್ರೈವರ್ ಕನ್ನಡಿಯಲ್ಲಿ ಇಣುಕಿದ. ವಿರೂಪಾಕ್ಷನಿಗೆ ಬೇರೆ ದಾರಿಯಿರಲಿಲ್ಲ. ಬುತ್ತಿ ಕಾದ ಕತೆಯನ್ನೆಲ್ಲ, ಹೆಂಡತಿಯ ಕಡೆ ನೋಡದೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

ಹಾಳುಮಠದ ಹುಲ್ಲುಹಾಸಿನಲ್ಲಿ ಖಾಲಿಯಿದ್ದದ್ದು ಒಂದೇ ಊಟದ ಮೇಜು.

"ಯಾರಾದ್ರೂ ಕೂತು ಹಿಡ್ಕೊಬೇಕಲ್ಲ," ಎಂದು ಪ್ರಭಾವತಿ ಸುತ್ತ ನೋಡಿದರು. ಆಮೇಲೆ ಮುಖ ಬೆಳಗಿತು. "ಅಯ್ಯೋ, ಅನುಭವಸ್ಥರು ಇಲ್ಲೇ ಇದಾರೆ! ಹತ್ತೇ ನಿಮಿಷ ವಿರೂಪಾಕ್ಷ ಅವ್ರೇ."

ಬಸ್ಸಿನ ಸೀಟಿಗೆ ಹಾಸಿದ ಕರವಸ್ತ್ರದಂತೆ ವಿರೂಪಾಕ್ಷ ಮೇಜಿಗಂಟಿ ಕೂತ. ಎಲ್ಲರೂ ಹೋದರು. ನಿವೇದಿತಾ ಮಾತ್ರ ನಿಂತಳು.

"ಸಿಟ್ಟು ಬಂದದೇನು?" ಎಂದ ಅವನು ಮೆಲ್ಲಗೆ.

"ಯಾಕ ಬರಬೇಕು? ನನಗ ಲಗ್ನಕ್ಕ ಮೊದಲ ಗೊತ್ತಿತ್ತು."

"ಹೆಂಗ ಗೊತ್ತಿತ್ತು?" ಎಂದು ಅವನು ಕೇಳಿದ.

"ಹುಡುಗ ಹೆಂಗ ಅಂತ ಅಪ್ಪ ಈಶ್ವರಪ್ಪ ಸಾಹೇಬ್ರಿಗೆ ಫೋನ್ ಹಚ್ಚಿ ವಿಚಾರಿಸಿದ್ರು. 'ಹುಡುಗ ಬಂಗಾರ. ಎಷ್ಟು ಹಸಿವಿದ್ರೂ ಬುತ್ತಿಯೊಳಗಿನ ಒಂದ್ ತುತ್ತು ಮುಟ್ಟಂಗಿಲ್ಲ. ಅಯುತ್ತಯಾದಾಗ ಹೋಳಿಗಿ ಎಲ್ಲಾ ನಾಯಿ ತಿಂದಾಗ ಪಾಪ, ಕಣ್ಣಾಗ ನೀರು ತಂದು ನಿಂತಿದ್ದ' ಅಂದ್ರಂತ. ನಾ ಹೂಂ ಅಂದಿದ್ದು ಆ ಕಣ್ಣೀರು ಕೇಳಿ, ಛಾವಣಿ ಕೇಳಿ ಅಲ್ಲ."

"ಮತ್ತ ಇಷ್ಟು ವರ್ಷ ಯಾಕ ಕೇಳಿದಿ ಆ ಕತಿ?"

"ಛಲೋ ಇತ್ತಲ್ರಿ. ಏಳು ಸಮುದ್ರ ನೀ ದಾಟೀಯೇನು ಅಂತ ಅಜ್ಜೀನ ಯಾರರ ಕೇಳ್ತಾರೇನು?" ಅವಳು ಹೋಳಿಗೆಯ ಡಬ್ಬಿಯನ್ನು ಅವನ ಹತ್ತಿರ ಸರಿಸಿದಳು. "ಇಂಥಾ ನಂಬಿಗಸ್ತ ಮನಷ್ಯಾ ಯಾರಿಗೆ ಸಿಗ್ತಾನ? ಇರ್ರಿ, ಒಳಗ ನೋಡ್ಕೊಂಡು ಬಂದು ಈ ಸಲ ನಾ ಕತಿ ಹೇಳ್ತೀನಿ."

ಅವಳು ಕಮಾನಿನೊಳಗೆ ಮರೆಯಾಗುವವರೆಗೂ ವಿರೂಪಾಕ್ಷ ನಗುತ್ತಿದ್ದ. ಆಮೇಲೆ ನಗು ಇಳಿಯಿತು. ಅಯುತ್ತಯಾದ ಆ ಬಡಕಲು ನಾಯಿ ನೆನಪಾಯಿತು. ಪಾಪದ್ದು, ಮರದಡಿ ಮಲಗಿದ್ದು ಕಣ್ಣೂ ಬಿಟ್ಟಿರಲಿಲ್ಲ. ರುಚಿ ನೋಡಲೆಂದು ತಾನು ಮುರಿದ ಒಂದು ಹೋಳಿಗೆ ಅವನನ್ನು ಡಬ್ಬಿಯ ತಳ ಕಾಣುವವರೆಗೂ ಕರೆದೊಯ್ದಿತ್ತು. ಬಳಗ ಹಿಂತಿರುಗಿದಾಗ ಕೊನೆಯ ತುಂಡು ಗಂಟಲಲ್ಲಿ ಸಿಕ್ಕಿತ್ತು; ಕಣ್ಣೀರು ಅದರದ್ದು.

ಛಾವಣಿಯಾದರೆ ಉಮಾಶಂಕರ ಕಿತ್ತು ಹಾಕಿದ. ಈ 'ನಂಬಿಗಸ್ತ' ಪಟ್ಟವನ್ನು ಇನ್ನು ಜೀವಮಾನವಿಡೀ ಹೊರಬೇಕು.

ಹತ್ತು ನಿಮಿಷ ಕಳೆದು ಎಷ್ಟೋ ಹೊತ್ತಾಗಿತ್ತು. ಡಬ್ಬಿಯ ಸಂದಿಯಿಂದ ತುಪ್ಪ, ಏಲಕ್ಕಿಯ ವಾಸನೆ ಬರತೊಡಗಿತು. ಮಠದ ಪಕ್ಕದ ನದಿಯ ಕಡೆಯಿಂದ ಕೊಬ್ಬಿದ ಬಾತುಕೋಳಿಯೊಂದು ತೊನೆಯುತ್ತ ಬಂದು ದೂರದಲ್ಲೇ ನಿಂತಿತು. ವಿರೂಪಾಕ್ಷ ಕಮಾನಿನ ಕಡೆ ನೋಡಿದ. ಯಾರೂ ಇಲ್ಲ.

"ಬಾರಪ್ಪಾ," ಎಂದು ಅವನು ಬಾತುಕೋಳಿಯನ್ನು ಪ್ರೀತಿಯಿಂದ ಕರೆದ. "ಇನ್ನೂ ಸ್ವಲ್ಪ ಹತ್ತರ ಬಾ."

ಕೈ ಆಗಲೇ ಮುಚ್ಚಳದ ಮೇಲಿತ್ತು.