ಕುಚ್ಚು ಮೀನಿಗೆ ಯಾವ ನಂಬರಿನ ಗಾಳ

ಎಳೆದೆ. ಬರೀ ಗಾಳ ಬಂತು. ಕಪ್ಪೆಯೂ ಇಲ್ಲ, ಮೀನೂ ಇಲ್ಲ. ಕೆರೆ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಸಿದ್ದಣ್ಣ ಬಾಯಿಂದ ಬೀಡಿ ತೆಗೆಯದೆಯೇ ನಕ್ಕ. ಅವನು ನಮ್ಮೂರಿನ ನೀರುಗಂಟಿ, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. “ಅದೇನ್ಲಾ ಅವಸರ ನಿಂಗೆ? ಅದಿನ್ನೂ ಬಾಯಾಗೆ ಇಟ್ಕಂಡಿತ್ತು. ನುಂಗಾಕಾದ್ರೂ ಬುಡಬಾರ್ದಾ?” ಅಂದ. ನನಗೆ ಮೈಯೆಲ್ಲ ಉರಿಯಿತು. ಅದು ಮೂರನೇ ದಿನ. ಮನೆಯಲ್ಲಿ ಬಸುರಿ ಅಕ್ಕ ಕಾಯುತ್ತಿದ್ದಳು.

ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಅಕ್ಕ ಚೊಚ್ಚಲ ಹೆರಿಗೆಗೆ ಹಂದನಕೆರೆಯ ಗಂಡನ ಮನೆಯಿಂದ ಬಂದಿದ್ದಳು. ಬಂದ ಎರಡನೇ ದಿನ ಹಿಟ್ಟು ಮುರಿಯುತ್ತಾ ಕೂತವಳು, “ಕುಚ್ಚು ಮೀನಿನ ಸಾರಾಗಿದ್ರೆ ಇನ್ನೊಂದು ಮುದ್ದೆ ಇಳೀತಿತ್ತು ಕಣ್ಲಾ” ಅಂದಳು. ಕುಚ್ಚು ಅಂದರೆ ಹಾವಿನ ತಲೆ, ಮೊಳದುದ್ದ ಮೈ, ಕೆಸರಿನಲ್ಲಿ ಜೊಂಡಿನ ಬುಡಕ್ಕೆ ಒತ್ತಿಕೊಂಡು ಮಲಗುವ ಮೀನು. ನಾನು ಮಹಾಶೂರನ ಹಾಗೆ, “ನಾಳೆ ಮಧ್ಯಾಹ್ನಕ್ಕೆ ಮಸಾಲೆ ಅರೆದಿಡವ್ವಾ” ಅಂದುಬಿಟ್ಟೆ. ಅವ್ವ ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆಗಲಿಲ್ಲ. “ಬಸ್ರಿ ಬಾಯ್ಬುಟ್ಟು ಕೇಳವ್ಳೆ. ತಪ್ಪಿಸ್ಬ್ಯಾಡ ಕಣಪ್ಪ. ಬಯಕೆ ತೀರ್ದಿದ್ರೆ ಹುಟ್ಟೋ ಮಗೀಗೆ ಕಿವಿ ಸೋರ್ತದೆ” ಅಂದಳು.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಸಂಪಿಗೆ ಅನ್ನುವ ಊರಿನಲ್ಲಿ ನಮ್ಮ ಸೋದರತ್ತೆಯ ಮಗ ಒಬ್ಬನಿದ್ದಾನೆ. ಮದುವೆಯಾಗುವ ವಯಸ್ಸಾದರೂ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಾನೆ. ಅವನು ಹೊಟ್ಟೆಯಲ್ಲಿದ್ದಾಗ ಅತ್ತೆ ಹಲಸಿನ ಹಣ್ಣು ಕೇಳಿದ್ದಳಂತೆ. ಹಲಸಿನ ಕಾಲವಲ್ಲ. ಮಾವ ನಾಳೆ, ನಾಡಿದ್ದು ಅನ್ನುತ್ತಲೇ ತಿಂಗಳು ತುಂಬಿಸಿದ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಈಗ ಆ ಹತ್ತಿಯದೇ ಮಾತು. ಅಕ್ಕನ ಮಗುವಿನ ಕಿವಿಯಲ್ಲೂ ಹತ್ತಿ ಕಂಡರೆ ಜನ ಬೆರಳು ತೋರಿಸುವುದು ನನ್ನ ಕಡೆಗೆ.

ಸಿದ್ದಣ್ಣನನ್ನು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಹಿಡಿದು ಕೊಡುತ್ತಿದ್ದ. ಕೇಳಲಿಲ್ಲ. ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಮೊಳೆ, ಚಿಲಕ, ಹಗ್ಗ ಮಾರುವ ಅಂಗಡಿಯವರು “ಗಾಳ ಯಾವ ನಂಬರ್ರೀ?” ಅಂದರು. ಗಾಳಕ್ಕೂ ನಂಬರು ಇರುತ್ತದೆ ಅಂತ ನನಗೇನು ಗೊತ್ತು? ಆದರೆ ಗೊತ್ತಿಲ್ಲ ಅನ್ನುವುದು ನನ್ನ ಬಾಯಿಗೆ ಬರುವುದಿಲ್ಲ. ಚಪ್ಪಲಿಗೆ ನಂಬರು ಹೆಚ್ಚಿದರೆ ಚಪ್ಪಲಿ ದೊಡ್ಡದು. ಸ್ಕೂಲಿನಲ್ಲಿ ನಂಬರು ಹೆಚ್ಚಿದರೆ ಕ್ಲಾಸು ದೊಡ್ಡದು. ನಾನು ನಾಲ್ಕರವರೆಗೆ ಹೋಗಿ ನೋಡಿದ್ದೇನೆ. “ಎಲ್ಲಕ್ಕಿಂತ ಮೇಲಿನ ನಂಬರು ಕೊಡಿ” ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿ, ಹದಿನಾರನೇ ನಂಬರಿನ ಪೊಟ್ಟಣ ಕೊಟ್ಟರು. ಕೆರೆಗೆ ಬಂದು ಬಿಚ್ಚಿದರೆ ಒಳಗೆ ಗಾಳ ಎಲ್ಲಿದೆ ಅಂತ ಹುಡುಕಬೇಕಾಯಿತು. ಅಕ್ಕನ ಮೂಗುಬೊಟ್ಟಿನ ತಿರುಪೇ ಅದಕ್ಕಿಂತ ದಪ್ಪಗಿತ್ತು. ಗಾಳದಲ್ಲಿ ನಂಬರು ಏರಿದಷ್ಟೂ ಗಾಳ ಇಳಿಯುತ್ತದಂತೆ. ಯಾವ ಪುಣ್ಯಾತ್ಮ ಹೀಗೆ ಎಣಿಸಿದನೋ!

ಎಸೆಯಲು ಮನಸ್ಸು ಬರಲಿಲ್ಲ. ಮಾರನೇ ದಿನ ಅದಕ್ಕೇ ಕೊಬ್ಬರಿ ಚೂರು ಸಿಕ್ಕಿಸಿ ಕೂತೆ. ನಮ್ಮ ಕಡೆಯ ಕೊಬ್ಬರಿ ಅಂದರೆ ಎಲ್ಲೆಲ್ಲಿಂದಲೋ ಲಾರಿ ಮಾಡಿಕೊಂಡು ಜನ ಬರುತ್ತಾರೆ, ಇಲ್ಲೇ ಇರುವ ಮೀನು ಬರುವುದಿಲ್ಲವೇ ಅನ್ನುವುದು ನನ್ನ ಲೆಕ್ಕ. ಸಿದ್ದಣ್ಣ ಬಗ್ಗಿ ನೋಡಿ, “ಮೀನಿಗೆ ಪೂಜೆ ಮಾಡ್ತಿದ್ದೀಯೇನ್ಲಾ? ಒಂದು ಊದ್ಬತ್ತೀನೂ ಹಚ್ಚು” ಅಂದ. ಸಂಜೆಯವರೆಗೆ ಸಿಕ್ಕಿದ್ದು ಬೆರಳುದ್ದದ ಎರಡು ಜಿಲೇಬಿ ಮೀನು. ಅಕ್ಕ ಅವನ್ನು ನೋಡಿ, ಸೊಪ್ಪಿನ ಸಾರಿನಲ್ಲಿ ಅರ್ಧ ಮುದ್ದೆ ಉಂಡು ಎದ್ದಳು. ನಾನು ಅವಳ ಹೊಟ್ಟೆ ನೋಡಿದೆ. ಅದರೊಳಗೆ ಎರಡು ಸಣ್ಣ ಕಿವಿ.

ಮೂರನೇ ದಿನ ಸಿದ್ದಣ್ಣನೇ ತನ್ನ ಗಾಳ ಕೊಟ್ಟ. ಒಂದನೇ ನಂಬರು, ಬಗ್ಗಿಸಿದ ಕಿರುಬೆರಳಿನಷ್ಟಿತ್ತು. ಜೀವ ಇರುವ ಕಪ್ಪೆಯನ್ನು ಬೆನ್ನಿನ ತೊಗಲಿಗೆ ಚುಚ್ಚಿ, ಜೊಂಡಿನ ಪಕ್ಕ ಈಜಲು ಬಿಡಬೇಕು. ಕುಚ್ಚು ಗುಳುಂ ಅಂತ ಹಿಡಿಯುತ್ತದೆ. ಆಗ ಎಳೆಯಬಾರದು! ಇದೇ ನನಗೆ ಅರ್ಥವಾಗದ್ದು. ಹಿಡಿದ ಮೇಲೆ ಎಳೆಯದೆ ಇನ್ನೇನು ಮಾಡುವುದು? ಮೂರು ಸಲ ಎಳೆದೆ, ಮೂರು ಕಪ್ಪೆ ಹೋದವು. ಮೊದಲು ಹೇಳಿದ್ದು ಮೂರನೆಯದು.

“ಲೇ, ಅಟ್ಟದ ಮ್ಯಾಲೆ ಕೊಬ್ಬರಿಗೆ ಕಾಯಿ ಹಾಕ್ತೀರಲ್ಲ, ದಿನಾ ಹತ್ತಿ ಒಡ್ದು ನೋಡ್ತೀಯಾ?” ಅಂದ ಸಿದ್ದಣ್ಣ. “ವರ್ಷಗಟ್ಲೆ ಬುಟ್ಟು, ಅಲ್ಲಾಡ್ಸಿ, ಒಳಗೆ ಗಡಗಡ ಅಂದ್ಮ್ಯಾಲೆ ತಾನೆ ಒಡೆಯಾದು? ಇದಕ್ಕೊಂದು ಬೀಡಿ ಸೇದೋ ಹೊತ್ತು ಕಾಯಾಕಾಗಲ್ವಾ?”

ನಿಜ ಹೇಳಬೇಕೆಂದರೆ, ನಾನು ಹತ್ತಿ ಒಡೆದು ನೋಡಿದ್ದೇನೆ. ಅಪ್ಪ ತೆಂಗಿನ ಎಡೆಮಟ್ಟೆಯಲ್ಲಿ ಬಾರಿಸಿದ್ದು ಇನ್ನೂ ನೆನಪಿದೆ. ಅದನ್ನು ಸಿದ್ದಣ್ಣನಿಗೆ ಹೇಳಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಗುಳುಂ ಅಂತು. ದಾರ ಸರಸರ ಓಡಿತು. ಸಿದ್ದಣ್ಣ ನನ್ನ ಮಣಿಕಟ್ಟು ಹಿಡಿದು ತಡೆದು, ಆಮೇಲೆ ಒಂದು ಬೀಡಿ ಹಚ್ಚಿದ. ಅಷ್ಟು ನಿಧಾನವಾಗಿ ಬೀಡಿ ಸೇದುವ ಮನುಷ್ಯನನ್ನು ನಾನು ಕಂಡಿಲ್ಲ. ನಡುವೆ ಅದು ಆರಿಹೋಯಿತು, ಮತ್ತೆ ಹಚ್ಚಿದ. ದಾರ ನಿಂತಿತು. ಮತ್ತೆ ಓಡಿತು. “ಈಗ ಎಳೀಲಾ!” ಅಂದ. ಎಳೆದೆ. ಮೊಳದುದ್ದದ ಕುಚ್ಚು ಏರಿಯ ಮೇಲೆ ಬಿದ್ದು ಒದ್ದಾಡಿತು. ತುಂಡು ಪಂಚೆಯಲ್ಲಿ ಸುತ್ತಿಕೊಂಡು ಮನೆಗೆ ಓಡಿದೆ. ಅಕ್ಕ ಎರಡು ಮುದ್ದೆ ಉಂಡು, ಬೆರಳು ನೆಕ್ಕಿ, “ನಾಕು ದಿನ ತಡ ಆದ್ರೂ ಚೆನ್ನಾಗದೆ ಕಣ್ಲಾ” ಅಂದಳು.

ನಾಕು ದಿನ ತಡ. ಆ ಮಾತು ನನ್ನೊಳಗೆ ಸಿಕ್ಕಿಕೊಂಡಿತು. ಬಯಕೆ ತೀರಿತು, ಸರಿ. ಆದರೆ ನಾಲ್ಕು ದಿನ ತೀರದೆ ಇತ್ತಲ್ಲ, ಅದಕ್ಕೇನು? ಅವ್ವನನ್ನು ಕೇಳಿದರೆ “ಯಾರಿಗ್ಗೊತ್ತಪ್ಪ” ಅಂದಳು. ಹೆಣ್ಣು ಮಗು ಹುಟ್ಟಿ ಈಗ ಮೂರು ತಿಂಗಳು. ಎಲ್ಲರೂ ಬಂದು ಮಗುವಿನ ಮುಖ ನೋಡುತ್ತಾರೆ, ಮೂಗು ಯಾರದ್ದು, ಹಣೆ ಯಾರದ್ದು ಅನ್ನುತ್ತಾರೆ. ನಾನು ಎದ್ದ ಕೂಡಲೇ ತೊಟ್ಟಿಲಿಗೆ ಬಗ್ಗಿ ಎರಡೂ ಕಿವಿಯ ಒಳಗೆ ನೋಡುತ್ತೇನೆ. ಮೊನ್ನೆ ಅಕ್ಕ, “ಮಗೀನ ಒಂದಿನನಾದ್ರೂ ಎತ್ಕಂಡು ಮುದ್ದು ಮಾಡಿದ್ಯೇನ್ಲಾ? ಬರೀ ಕಿವಿ ನೋಡ್ತೀಯಲ್ಲ, ನೀನೇನು ಡಾಕ್ಟ್ರಾ?” ಅಂದಳು. ಇಂಥದ್ದನ್ನೆಲ್ಲ ನಂಬುವವನಲ್ಲ ಅಂತ ಆಗಲೇ ಹೇಳಿದೆ. ಇವತ್ತೂ ನೋಡಿದೆ. ಬಲಗಿವಿ ಒಣಗಿದೆ. ಎಡಗಿವಿಯೂ ಒಣಗಿದೆ. ನಾಳೆಯದು ನಾಳೆ. ಇಷ್ಟೇ, ಇನ್ನು ಹೇಳುವುದು ಏನೂ ಇಲ್ಲ.