ಎದುರು ಮನೆಯ ರಗ್ಬಿ ಹುಡುಗಿ, ನನ್ನ ಮನೆಯ ತಂಬಿಗೆ ನೀರು

ಇತ್ತ ಬರ್ರಿ, ಹತ್ತಿರ ಕೂಡ್ರಿ. ಬಾಗಿಲು ಅರ್ಧ ಮುಚ್ರಿ. ಪೂರಾ ಮುಚ್ಚಿದರೆ ಓಣಿಯವರಿಗೆ ಅನುಮಾನ ಬರ್ತದ. ಇದು ನಿಮ್ಮ ಹೊಟ್ಟೆಯಲ್ಲೇ ಇರಬೇಕು. ನಾನೂ ಇಲ್ಲಿತನಕ ಒಬ್ಬೊಬ್ಬರಿಗೇ ಹೇಳೀನಿ, ಇಬ್ಬರನ್ನು ಕೂಡಿಸಿ ಹೇಳಿಲ್ಲ.

ನನ್ನ ಕಟ್ಟೆಯ ಮುಂದೆ ಇಂಥವು ನಡೀತಾನೇ ಇರ್ತಾವ. ಅದಕ್ಕೆ ಕಾರಣ ನನ್ನ ಬಾಯಲ್ಲ, ನನ್ನ ಮನೆ ಇರುವ ಜಾಗ. ನಮ್ಮ ಮೊಗುಡಂಪಲ್ಲಿ ಕಡೆ ಹೆಣ್ಣು ನೋಡಲು ಬಂದವರು ನೆಟ್ಟಗೆ ಹೆಣ್ಣಿನ ಮನೆಗೆ ಹೋಗುವುದಿಲ್ಲ. ಮೊದಲು ಎದುರು ಮನೆಯಲ್ಲಿ ಕುಡಿಯಲು ನೀರು ಬೇಡ್ತಾರೆ. ಬಾಯಾರಿಕೆ ಯಾರಿಗೂ ಇರುವುದಿಲ್ಲ. ಹುಡುಗಿ ಹ್ಯಾಂಗ ಅಂತ ಕೇಳಬೇಕಾಗಿರ್ತದ. ನನ್ನ ಎದುರು ಮನೆಯವರು ಕುರಿ ಸಾಕುವವರು. ಗಂಡ, ಹೆಂಡತಿ, ಒಬ್ಬಳೇ ಮಗಳು, ಐವತ್ತು ಕುರಿ, ಎರಡು ಎಮ್ಮೆ.

೧. ಟಗರು ಕೊಡುವುದಿಲ್ಲ

ಹುಡುಗಿ ಹತ್ತನೇ ಕ್ಲಾಸು ಮುಗಿಸಿದ ವರ್ಷ. ಜಹೀರಾಬಾದಿನ ಸಂತೆಯಲ್ಲಿ ಅವರ ಟಗರು ಹಗ್ಗ ಹರಿದುಕೊಂಡು ಓಡಿತು. ಗಂಡಸರೆಲ್ಲ "ಹಿಡೀರಿ, ಹಿಡೀರಿ" ಅಂತ ಕೂಗಿದರು, ಒಬ್ಬನೂ ಹಿಡಿಯಲಿಲ್ಲ. ಈಕೆ ನಾಲ್ಕು ಹೆಜ್ಜೆ ಓಡಿ, ನೆಲಕ್ಕೆ ಉದ್ದಕ್ಕೆ ಬಿದ್ದು, ಅದರ ಹಿಂಗಾಲು ಎರಡೂ ತಬ್ಬಿ ಹಿಡಿದಳು. ಕುರಿಯವರ ಮನೆಯಲ್ಲಿ ಇದು ದೊಡ್ಡ ಸುದ್ದಿಯಲ್ಲ. ಆದರೆ ಅಲ್ಲಿ ಟೊಮಾಟೊ ಆರಿಸುತ್ತಿದ್ದ ಒಬ್ಬ ಆಟದ ಮಾಸ್ತರ ಚೀಲ ಅಲ್ಲೇ ಬಿಟ್ಟು ನೋಡುತ್ತಾ ನಿಂತ. ಮರುದಿನ ಮನೆಗೇ ಬಂದ.

"ಅದನ್ನ ನನಗ ಕೊಡ್ರಿ" ಅಂದ.

ಅಪ್ಪ ಖಡಾಖಂಡಿತ ಹೇಳಿದ: "ಆ ಟಗರು ಕೊಡಂಗಿಲ್ರಿ. ಅದು ನನ್ನ ಜೀವ."

"ಟಗರಲ್ರಿ, ನಿಮ್ಮ ಹುಡುಗಿ. ರಗ್ಬಿ ಕಲಿಸ್ತೀನಿ."

ಅಪ್ಪ ಉಸಿರು ಬಿಟ್ಟ. "ಹುಡುಗಿನಾ? ಒಯ್ಯಿರಿ, ಒಯ್ಯಿರಿ. ನಾ ಗಾಬರಿಯಾಗಿದ್ದೆ."

೨. ನಾರಾಯಣಖೇಡದ ಓಲೆ

ಆ ರಗ್ಬಿ ಅಂದರೆ ಏನಂದ್ರಿ? ತತ್ತಿಯಂಥ ಚೆಂಡು ಬಗಲಲ್ಲಿ ಒತ್ತಿಕೊಂಡು ಓಡುವುದು. ಓಡುವವಳ ಕಾಲು ತಬ್ಬಿ ಕೆಡವುವುದು. ನಡುನಡುವೆ ಎಂಟು ಹುಡುಗಿಯರು ಈ ಕಡೆ, ಎಂಟು ಆ ಕಡೆ, ಮಳೆಗೆ ನಿಂತ ಕುರಿಗಳ ಹಾಗೆ ತಲೆಗೆ ತಲೆ ಸೇರಿಸಿ ನೂಕುವುದು. ಮೂರು ವರ್ಷ ಹೀಗೆ ನೂಕಿದ ಮೇಲೆ ಆಕೆಗೆ ಪಗಾರು ಕೊಡುವ ತಂಡ ಸಿಕ್ಕಿತು. ಅದೇ ಹೊತ್ತಿಗೆ ಅಪ್ಪನಿಗೆ ನಾರಾಯಣಖೇಡದ ಒಂದು ಸಂಬಂಧ ಸಿಕ್ಕಿತು.

ಅವರು ಬರುವುದಕ್ಕೆ ಎರಡು ದಿನ ಮೊದಲು ಹುಡುಗಿಯ ತಾಯಿ ಹೆಪ್ಪು ಕೇಳಲು ನನ್ನ ಮನೆಗೆ ಬಂದಳು. ಕಣ್ಣು ತುಂಬ ನೀರು. "ಆಯಿ, ಯಾರ ಮುಂದೂ ಹೇಳಬ್ಯಾಡ್ರಿ. ತಿಕ್ಕಾಟಕ್ಕ ಹುಡುಗಿ ಕಿವಿ ಬಾತು ಕಡಬಿನಂಗ ಆಗ್ಯಾವ. ಇನ್ನ ಇಳಿಯಂಗಿಲ್ಲಂತ."

ನಾನು ಯಾರ ಮುಂದೂ ಹೇಳಲಿಲ್ಲ. ಹುಡುಗನ ತಾಯಿ ಬಂದು ನೀರು ಬೇಡಿದಾಗ ಅವಳೊಬ್ಬಳಿಗೇ ಹೇಳಿದೆ. "ಹುಡುಗಿ ಬಂಗಾರ ನೋಡ್ರಿ. ಓಲೆ ತಂದಿದ್ರ ಮಾತ್ರ ವಾಪಸ್ ಕೊಟ್ಟು ಬರ್ರಿ."

"ಯಾಕ್ರಿ?"

"ಹಾಕಾಕ ಕಿವಿ ಬೇಕಲ್ಲ?"

ತಂಬಿಗೆಯ ನೀರು ಅರ್ಧ ಹಾಗೇ ಉಳಿಯಿತು. ಮಲ್ಲಿಗೆ ಗಿಡಕ್ಕೆ ಹಾಕಿದೆ.

೩. ತಾಂಡೂರಿನ ಬಸ್ಸು

ಎರಡನೆಯವನು ತಾಂಡೂರಿನವನು, ಕರಣಕೋಟದಲ್ಲಿ ಸಿಮೆಂಟ್ ಫ್ಯಾಕ್ಟರಿಯ ನೌಕರಿ. ತೋಳು ತೋರಿಸಲು ಬಿಗಿ ಅಂಗಿ ಹಾಕಿದ್ದ. ಈ ಸಲವೂ ತಾಯಿ ಎರಡು ದಿನ ಮೊದಲೇ ಹೆಪ್ಪಿಗೆ ಬಂದಿದ್ದಳು. ಮಗಳ ಆಟದ ವಿಡಿಯೋ ನನ್ನ ಮೊಬೈಲಿಗೆ ತಾನೇ ಹಾಕಿಕೊಟ್ಟಳು. "ನೀವೊಬ್ರೇ ನೋಡ್ರಿ, ಆಯಿ. ಯಾರಿಗೂ ತೋರಿಸಬ್ಯಾಡ್ರಿ."

ಹುಡುಗ ನೀರು ಕುಡಿಯುತ್ತಾ, "ಹುಡುಗಿ ಆಟ ಆಡ್ತಾಳಂತ?" ಅಂದ.

ತೋರಿಸಿದೆ. ಬಾಗಿಲಿನಷ್ಟು ಅಗಲದ ಒಬ್ಬಾಕೆ ಚೆಂಡು ಹಿಡಿದು ಓಡಿ ಬರ್ತಾಳೆ. ಇನ್ನೊಬ್ಬಾಕೆ ಅಡ್ಡ ಬಂದು ನಡು ಹಿಡಿದು ಎತ್ತಿ ಒಗೀತಾಳೆ. ಬಿದ್ದವಳನ್ನು ನಾಲ್ಕು ಮಂದಿ ಹೊತ್ತುಕೊಂಡು ಹೋಗ್ತಾರೆ.

"ಇದರಾಗ ನಿಮ್ಮ ಹುಡುಗಿ ಯಾರ್ರಿ?"

"ಹೊತ್ತುಕೊಂಡು ಹ್ವಾದ್ರಲ್ಲ, ಆಕಿ ಅಲ್ಲ."

"ಅಮ್ಮೋ" ಅಂದ. ತಾಂಡೂರಿನ ಕಡೇ ಬಸ್ಸು ತಪ್ಪುತ್ತದೆ ಅಂತ ಎದ್ದ. ಆಗ ಮುಂಜಾನೆ ಹನ್ನೊಂದು ಗಂಟೆ.

೪. ಫ್ಲೆಕ್ಸಿನಲ್ಲಿ ಜಾಗ

ಹುಡುಗಿ ದೇಶದ ತಂಡದಲ್ಲಿ ಆಡಿ ಪದಕ ತಂದಾಗ ಊರಿನ ಬಾಗಿಲಿಗೆ ಫ್ಲೆಕ್ಸ್ ಕಟ್ಟಿದರು. ನಡುವೆ ಲೀಡರು ಕೈ ಮುಗಿದು ನಿಂತಿದ್ದ. ಸುತ್ತ ಅವನ ಹನ್ನೆರಡು ಮಂದಿ. ಹುಡುಗಿಯ ಮುಖ ಕೆಳಗೆ ಮೂಲೆಯಲ್ಲಿ, ಅಲ್ಲೇ ಹಗ್ಗ ಕಟ್ಟುವ ತೂತು ಹೊಡೆದಿದ್ದರು. ಆಕೆ ನೋಡಿ ನಕ್ಕು, "ಆಯಿ, ಆಟದಾಗೂ ಇಷ್ಟು ತುಳಿಯಂಗಿಲ್ರಿ" ಅಂದಳು. ಅವಳ ನಗು ನನಗೆ ಚಲೋ ಅನ್ನಿಸಲಿಲ್ಲ.

೫. ಎಂಟು ತತ್ತಿ

ಮೂರನೆಯವರು ಜಹೀರಾಬಾದಿನವರು. ಕಲಿತ ಮಂದಿ, ನೀರೇ ಬೇಡಲಿಲ್ಲ. ನೆಟ್ಟಗೆ ಎದುರು ಮನೆಗೆ ನಡೆದರು. ಹೆಪ್ಪಿಗೆ ಬಂದ ತಾಯಿ ಹೇಳಿಹೋದ ಸುದ್ದಿ ಎರಡು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತವಳು ನಾನು, ಬಿಡ್ತೀನೇನು? ತಂಬಿಗೆ ತುಂಬಿಕೊಂಡು ಓಡಿ, ಅಂಗಳದಲ್ಲೇ ಹುಡುಗನ ತಾಯಿಯನ್ನು ಅಡ್ಡ ಹಾಕಿದೆ.

"ಬಿಸಿಲಾಗ ಬಂದೀರಿ, ಕುಡೀರಿ. ಹುಡುಗಿ ಊಟದ್ದು ಗೊತ್ತದ ಇಲ್ಲ? ದಿನಾ ಮುಂಜಾನಿ ಎಂಟು ತತ್ತಿ. ಮಧ್ಯಾಹ್ನ ಕೋಳಿ. ತಂಡದವರು ತೂಗಿ ಕೊಡ್ತಾರ."

"ಎಂಟಾ? ನಮ್ಮ ಮನ್ಯಾಗ ಇರೋರೇ ಏಳು ಮಂದಿ!"

"ಹಂಗಾದ್ರ ಒಂದು ತತ್ತಿ ಉಳೀತದಲ್ರಿ" ಅಂದೆ. "ಅದನ್ನೂ ಆಕಿನೇ ತಿಂತಾಳ."

ಆ ಸಂಬಂಧವೂ ಮುರಿಯಿತು. ಅಪ್ಪ ಅಂಗಳದಲ್ಲಿ ಕೂತು ಟಗರಿನ ಮುಂದೆ ದುಃಖ ಹೇಳಿಕೊಂಡ. ಓಣಿಯವರು ನನ್ನ ಬಾಯಿಗೆ ಹೆದರಿ, ನನ್ನ ಕಂಡರೆ ಸೆರಗು ಸರಿ ಮಾಡಿಕೊಳ್ಳತೊಡಗಿದರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ರುಚಿಯಾಗಿತ್ತು.

೬. ಈ ಸಲದ ಹೆಪ್ಪು

ಹೋದ ಬೇಸಿಗೆಯಲ್ಲಿ ಹುಡುಗಿ ಕೋಲು ಊರಿಕೊಂಡು ಆಟೋದಿಂದ ಇಳಿದಳು. ಮೊಣಕಾಲಿನ ಒಳಗೆ ಎಲುಬು ಹಿಡಿದಿಡುವ ಪಟ್ಟಿ ಹರಿದಿತ್ತು. ಆಪರೇಷನ್ ಆಗಿತ್ತು, ಆಟ ಮುಗಿದಿತ್ತು. ಎಂಟು ವರ್ಷ ಓಡಿದ ಕಾಲು ಈಗ ಹೊಸ್ತಿಲು ದಾಟಲು ಗೋಡೆ ಹಿಡೀತದ. ಲೀಡರು ಬರಲಿಲ್ಲ. ಫ್ಲೆಕ್ಸ್ ಕುರಿಹಟ್ಟಿಯ ಮೇಲೆ ಹೊದಿಸಿದ್ದಾರೆ, ಮಳೆ ಸೋರುವುದಿಲ್ಲ.

ಮುಂದೆ ಕೇಳ್ರಿ. ಮೊನ್ನೆ ಐತವಾರ ಒಂದು ಕಾರು ಬಂತು. ಇಳಿದವರು ಒಬ್ಬ ಹುಡುಗ, ಅವನ ತಾಯಿ, ಕೈಯಲ್ಲಿ ಹಣ್ಣಿನ ಬುಟ್ಟಿ. ಮದುವೆ ಮಾತೇ! ಈ ಸಲ ಯಾರೂ ನನಗೆ ಏನೂ ಹೇಳಿಲ್ಲ. ಆದರೆ ಕಣ್ಣೆದುರಿನ ಮೊಣಕಾಲು ಇತ್ತಲ್ಲ, ಅದು ಸಾಕಿತ್ತು. ತಂಬಿಗೆ ಎತ್ತಿ ಕೂಗಿದೆ: "ನೀರು ಬೇಕೇನ್ರಿ?"

ಹುಡುಗ ಪ್ಲಾಸ್ಟಿಕ್ ಬಾಟ್ಲಿ ತೋರಿಸಿದ. "ನಮ್ಮ ಕಡಿ ಅದರಿ, ಆಯಿ."

ಸಂಜೆ ಅವರು ನಗುನಗುತ್ತಾ ಹೋದರು. ಹುಡುಗಿಯ ತಾಯಿ ಪೇಡಾ ಹಿಡಿದು ನನ್ನ ಕಟ್ಟೆಗೆ ಬಂದಳು.

"ಏನವ್ವಾ, ಈ ಸಲ ಹೆಪ್ಪಿಗೂ ಬರಲಿಲ್ಲ?" ಅಂದೆ.

"ಎರಡು ಎಮ್ಮಿ ಇರೋ ಮನಿ, ಆಯಿ. ನಮಗ ಹೆಪ್ಪು ಯಾವಾಗ ಕಡಿಮಿ ಬಿದ್ದದ?"

ನನಗೆ ತಿಳಿಯಲಿಲ್ಲ. "ಮತ್ತ ಅವತ್ತೆಲ್ಲಾ ಅಳ್ತಾ ಬರ್ತಿದ್ದಿ?"

"ಉಳ್ಳಾಗಡ್ಡಿ ಹೆಚ್ಚಿ ಬರ್ತಿದ್ದೆ."

ಅಲ್ಲಿತನಕ ಹಿಡಿದೇ ಇದ್ದ ತಂಬಿಗೆ ಕೆಳಗಿಟ್ಟೆ. ಆಕೆ ನನ್ನ ಪಕ್ಕದಲ್ಲೇ ಕೂತು, ನನ್ನ ಮುಖ ನೋಡಿಯೇ ಹೇಳಿದಳು:

"ಆಕಿಗಿ ಆಡೋದು ಬೇಕಿತ್ತು, ಅವರಪ್ಪಗ ಮದಿವಿ ಬೇಕಿತ್ತು. ಗಂಡನ ಮುಂದ ನಾ ಬ್ಯಾಡ ಅಂದ್ರ ಮನಿ ಉಳೀತಿದ್ದಿಲ್ಲ. ಬಂದವರೇ ಬ್ಯಾಡ ಅಂದ್ರ ಅವನಾದ್ರೂ ಏನು ಮಾಡ್ಯಾನು? ಮೂರು ಸಲ ನಿಮ್ಮ ಬಾಯಿ ನನ್ನ ಕೆಲಸ ಮಾಡ್ತು. ಐದು ವರ್ಷ ಆಕಿ ಆಡಿದ್ದು ನಿಮ್ಮ ಪುಣ್ಯದ್ದು, ಆಯಿ. ಪೇಡಾ ತಿನ್ರಿ."

ಪೇಡಾ ಕೈಯಲ್ಲೇ ಉಳಿಯಿತು. ಊರಿಗೇ ಹುಳಿ ಹಿಂಡುವವಳು ಅಂತ ಹೆಸರು ತಗೊಂಡವಳು ನಾನು, ಇವಳ ಮನೆಯ ಕೂಲಿಯವಳಾಗಿದ್ದೆ, ಅದೂ ಪುಕ್ಕಟೆ. "ಹಂಗಾದ್ರ ಇವನ ಸುದ್ದಿ ನನಗ ಯಾಕ ಹೇಳಲಿಲ್ಲ?" ಅಂತ ಕೇಳಿದೆ.

ಆಕೆ ಎದ್ದು ಸೀರೆ ಝಾಡಿಸಿಕೊಂಡಳು.

"ಇವ ಆಕಿ ಮನಸ್ಸಿಗಿ ಬಂದಾನ್ರಿ."