ಗುರುವಯ್ಯನ ಬೈಗುಳದ ಮಿಷನ್ನು

ಗುರುವಯ್ಯನ ಕಿತ್ತಳೆ ಗಿಡಗಳಿಗೆ ಮಂಗಗಳು ಬಿದ್ದದ್ದೇ ಎಲ್ಲಕ್ಕೂ ಮೂಲ. ಬೈದು ಬೈದು ಅವನ ಗಂಟಲು ಹರಿದ ತಮಟೆಯಂತಾಗಿತ್ತು. ಕೊನೆಗೆ ಹಳೇ ಮೊಬೈಲಿಗೆ ಬಸ್ಸಿನ ಹಾರನ್ನು, ಹಾರನ್ನಿಗೆ ಜೀಪಿನ ಬ್ಯಾಟರಿ ಜೋಡಿಸಿ, ತನ್ನ ಬೈಗುಳವನ್ನೇ ಅದರೊಳಗೆ ತುಂಬಿ, ಬೇಲಿ ಪಕ್ಕದ ಸಿಲ್ವರ್ ಓಕ್ ಮರದ ಮೇಲೆ ಕಾಳುಮೆಣಸಿನ ಬಳ್ಳಿಯ ನಡುವೆ ಕಟ್ಟಿದ.

ಹತ್ತು ನಿಮಿಷಕ್ಕೊಮ್ಮೆ ಅದು ಬಾಯಿ ಬಿಡುತ್ತಿತ್ತು. "ಏಯ್ ಗಡವ ಮೂತಿ, ಕಂಡೋರ ತೋಟದ್ದು ತಿಂದು ಹೊಟ್ಟೆ ಬೆಳೆಸಿದೀಯ. ನಡಿ ಆಚೆ."

ಮಂಗಗಳು ಎರಡು ದಿನ ಓಡಿದವು. ಮೂರನೇ ದಿನ ಹರಿಕತೆಗೆ ಬಂದವರ ಹಾಗೆ ಮರದ ಸುತ್ತ ಕೂತವು. ಅವತ್ತೇ ಬೆಳಿಗ್ಗೆ ಪಕ್ಕದ ತೋಟದ ಗಿರಿಜಾಂಬಾ ತಮ್ಮ ಭಾರವಾದ ದೇಹವನ್ನು ಹೊತ್ತು, ಗುರುವಯ್ಯನ ಮನೆಗೆಂದೇ ಒಂದು ಕುಕ್ಕೆ ಕಿತ್ತಳೆ ತರುತ್ತಿದ್ದರು. ಮಿಷನ್ನು ಸರಿಯಾದ ಹೊತ್ತಿಗೆ ಬಾಯಿ ಬಿಟ್ಟಿತು.

ಗಿರಿಜಾಂಬಾ ತಿರುಗಿ ಹೋಗಿ ತಮ್ಮ ಗೇಟಿಗೆ ಬೀಗ ಹಾಕಿದರು. ಗುರುವಯ್ಯನ ಮನೆಗೆ ಜೀಪು ಬರಲು ಬೇರೆ ದಾರಿಯಿಲ್ಲ. ಒಣಗಿಸಿದ ಕಾಫಿಯ ಮೂಟೆಗಳು ಅಂಗಳದಲ್ಲಿವೆ, ಮೇಲೆ ಅಕಾಲದ ಮೋಡ.

ಗುರುವಯ್ಯ ಓಡಿದ. "ಬೈದದ್ದು ನಾನಲ್ಲ, ಮಿಷನ್ನು."

"ಬಾಯಿ ಯಾರದ್ದು?"

"ನಂದೇ."

"ಹಾಗಾದ್ರೆ ತಪ್ಪಾಯ್ತು ಅನ್ನಿ."

"ಅದು ಅಂದಿದ್ದಕ್ಕೆ ನಾನ್ಯಾಕೆ ಅನ್ಲಿ?"

ಮೂಟೆ ಒಯ್ಯಲು ಬಂದು ಗೇಟಿನಾಚೆ ಜೀಪು ನಿಲ್ಲಿಸಿದ್ದ ಅಹಮದ್ ಎಂದ, "ಹುಟ್ಟಿಸಿದೋರು ನೀವು, ಗುರುವಯ್ಯನೋರೇ. ಬ್ಯಾಟರಿ ಕೊಟ್ಟೋನು ಅಂತ ನನ್ನ ಕಡೆ ನೋಡ್ಬೇಡಿ ಮತ್ತೆ. ಮೂರು ಗಂಟೆವರೆಗೆ ಕಾಯ್ತೀನಿ, ಆಮೇಲೆ ಖಾಲಿ ಜೀಪು ಆಲ್ದೂರಿಗೆ."

ಗುರುವಯ್ಯನ ಹೆಂಡತಿ ರೇವತಿ ರಾಜಿ ಮಾಡಿಸಲು ಹೋದವಳು ಗಿರಿಜಾಂಬಾರ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತೇಬಿಟ್ಟಳು. ಅಹಮದನೂ ಜೀಪು ಆಚೆಯೇ ಬಿಟ್ಟು ಬಂದು ಲೋಟ ಹಿಡಿದ.

ಮಿಷನ್ನನ್ನೇ ಇಳಿಸಿಬಿಟ್ಟರೆ ಜಗಳದ ಬುಡವೇ ಹೋಯಿತು ಎಂದುಕೊಂಡ ಗುರುವಯ್ಯ ಏಣಿ ಹತ್ತಿ ವಯರು ಕಿತ್ತ. ಅದು ಸುಮ್ಮನಾಯಿತು. ಅದೇ ಗಳಿಗೆಯಲ್ಲಿ ಏಣಿ ಜಾರಿ ಕಾಫಿ ಗಿಡದೊಳಗೆ ಮಲಗಿತು. ಬಳ್ಳಿಯ ಮರೆಯಲ್ಲಿ ಹಾರನ್ನನ್ನು ಕೂಸಿನಂತೆ ಅಪ್ಪಿಕೊಂಡು ಅವನು ಮರಕ್ಕೆ ಜೋತುಬಿದ್ದ.

"ಯಾರಾದ್ರೂ ಬನ್ರೋ, ಏಣಿ ಇಡ್ರೋ."

ಜಗಲಿಯಲ್ಲಿ ಕಿವಿಗಳು ನೆಟ್ಟಗಾದವು. "ಹೊಸ ಮಾತು ಕಲಿತಿದೆ," ಎಂದರು ಗಿರಿಜಾಂಬಾ.

"ಬ್ಯಾಟರಿ ವೀಕಾದ್ರೆ ಹಾಗೇ, ಏನೇನೋ ಬಡಬಡಿಸುತ್ತೆ," ಎಂದ ಅಹಮದ್.

"ನಾನು ಕಣ್ರೀ, ಗುರುವಯ್ಯ."

"ಬೆಳಿಗ್ಗೆ ಅವ್ರು ತಾನಲ್ಲ ಅಂದ್ರು. ಈಗ ಇದು ತಾನೇ ಅವ್ರು ಅಂತಿದೆ," ಎಂದರು ಗಿರಿಜಾಂಬಾ.

ಮೂರು ಗಂಟೆಯಾಗುತ್ತ ಬಂತು. ಗುರುವಯ್ಯ ಕಣ್ಣು ಮುಚ್ಚಿ, ಜೀವಮಾನದಲ್ಲಿ ಬಾಯಿಗೆ ಬಾರದ ಮಾತನ್ನು ಹೊರಗೆ ನೂಕಿದ. "ಗಿರಿಜಾಂಬನೋರೇ, ತಪ್ಪಾಯ್ತು. ನನ್ನದೇ ತಪ್ಪು."

ಜಗಲಿಯಲ್ಲಿ ಗಿರಿಜಾಂಬಾ ಮೆಲ್ಲಗೆ ಕೇಳಿದರು, "ರೇವತಿ, ನಿಮ್ಮನೆಯವ್ರೇ ಏನೋ ಮತ್ತೆ?"

ರೇವತಿ ಲೋಟ ಕೆಳಗಿಟ್ಟಳು. "ಮೂವತ್ತು ವರ್ಷ ಸಂಸಾರ ಮಾಡಿದೀನಿ. ಆ ಮಾತು ಅವರ ಬಾಯಲ್ಲಿ ಒಂದು ಸಲಾನೂ ಕೇಳಿಲ್ಲ. ಮಿಷನ್ನೇ."

"ಪಾಪ, ಹುಟ್ಟಿಸಿದೋರಿಗಿಂತ ಇದಕ್ಕೇ ಮರ್ಯಾದೆ ಜಾಸ್ತಿ ಕಣೆ," ಎಂದರು ಗಿರಿಜಾಂಬಾ. ಮನಸ್ಸು ಕರಗಿ, ಎರಡು ಕಿತ್ತಳೆ ತಂದು ಬೇಲಿಯ ಗೂಟದ ಮೇಲೆ ಮಿಷನ್ನಿಗೆಂದು ಇಟ್ಟರು. ಗೇಟಿನ ಬೀಗ ಗುರುವಯ್ಯನಿಗೆಂದು ಹಾಗೇ ಇತ್ತು.

ಖಾಲಿ ಜೀಪು ಆಲ್ದೂರಿನ ಕಡೆ ಹೊರಟಿತು. ಮೊದಲ ಹನಿ ಗುರುವಯ್ಯನ ಮೂಗಿನ ಮೇಲೆ ಬಿತ್ತು. ಮಂಗವೊಂದು ಗೂಟದ ಮೇಲೆ ಕೂತು, ಅವನ ಮುಖವನ್ನೇ ನೋಡುತ್ತ ಕಿತ್ತಳೆ ಸುಲಿಯತೊಡಗಿತು. ಬೈಯಲು ಬಾಯಿ ತೆರೆದ ಗುರುವಯ್ಯ, ಗಿರಿಜಾಂಬಾರ ಜಗಲಿಯ ಕಡೆ ಒಮ್ಮೆ ನೋಡಿ, ಮುಚ್ಚಿಕೊಂಡ.